ತುಳಸಿ ಇಟ್ಟ ಮೇಲೆ ಉಪ್ಪಿಲ್ಲ

ನನ್ನ ಗಂಡನ ಕಾಯಿಲೆ ಮೊದಲು ಗೊತ್ತಾದದ್ದು ನನಗಲ್ಲ, ಡಾಕ್ಟರಿಗೂ ಅಲ್ಲ. ತ್ರಿಪ್ಲಿಕೇನಿನ ನಮ್ಮ ಹೋಟೆಲಿಗೆ ದಿನಾ ಮಧ್ಯಾಹ್ನ ಊಟಕ್ಕೆ ಬರುತ್ತಿದ್ದ ಒಬ್ಬ ನಿವೃತ್ತ ಮೇಷ್ಟರಿಗೆ. ಅವರು ಅನ್ನದ ಮೇಲೆ ಸಾಂಬಾರು ಹಾಕಿಸಿಕೊಂಡು, ಒಂದು ತುತ್ತು ಬಾಯಿಗಿಟ್ಟು, ಉಳಿದದ್ದನ್ನು ಎಲೆಯಲ್ಲೇ ಬಿಟ್ಟು ಎದ್ದರಂತೆ. ಕೈ ತೊಳೆದು ಬಂದು, ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ನನ್ನ ಮೈದುನ ವಾಸುದೇವನ ಕಿವಿಯ ಹತ್ತಿರ ಬಗ್ಗಿ, "ಸಾಮಿಕ್ಕು ಒಡಂಬು ಸರಿಯಿಲ್ಲಿಯಾ?" ಎಂದು ಕೇಳಿದರಂತೆ. ಸಾಂಬಾರು ಕೆಟ್ಟಿದೆ ಎನ್ನಲಿಲ್ಲ, ಮಾಡಿದವರ ಮೈ ಸರಿಯಿಲ್ಲವೇ ಎಂದು ಕೇಳಿದರು. ಆ ಮನುಷ್ಯನಿಗೆ ನಾನು ಇವತ್ತಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಸಾಂಬಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು.

ನನ್ನ ಗಂಡ ಶ್ರೀಪತಿ ಕೋಟದ ಕಡೆಯವರು. ಮೀಸೆ ಮೂಡುವ ಮೊದಲೇ ಮದರಾಸಿಗೆ ಬಂದು ಅಡುಗೆಗೆ ನಿಂತವರು. ಮುಂದೆ ತಮ್ಮನನ್ನೂ ಕರೆಸಿಕೊಂಡು ಸ್ವಂತ ಹೋಟೆಲು ಮಾಡಿದರು. ಗಲ್ಲಾಪೆಟ್ಟಿಗೆ ತಮ್ಮನದು, ಒಲೆ ಇವರದು. ಇವರ ಅಡುಗೆಮನೆಗೆ ಒಂದು ಕ್ರಮ ಇತ್ತು. ಮಧ್ಯಾಹ್ನದ ಅಡುಗೆಗೆ ಈರುಳ್ಳಿ ಇಲ್ಲ. ಎಲ್ಲ ಆದ ಮೇಲೆ ದೇವರ ಪಟದ ಮುಂದೆ ನೈವೇದ್ಯ ಆಗಬೇಕು, ಪಾತ್ರೆಯ ಮುಚ್ಚಳದ ಮೇಲೆ ಒಂದು ಎಸಳು ತುಳಸಿ ಬೀಳಬೇಕು. ಅಲ್ಲಿಯವರೆಗೆ ಯಾರೂ ರುಚಿ ನೋಡುವಂತಿಲ್ಲ. ಉಪ್ಪು ಸಾಕೋ ಸಾಲದೋ ಎಂದು ಇವರು ಕುದಿಯುವಾಗಿನ ಪರಿಮಳದಲ್ಲೇ ಹೇಳುತ್ತಿದ್ದರು. ನಾನು ಮನೆಯಲ್ಲಿ ಸಾರು ಮಾಡುವಾಗಲೂ ಬಾಗಿಲಲ್ಲಿ ನಿಂತು, "ಇನ್ನೊಂದ್ ಚೂರ್ ಹಾಕ್" ಎಂದು ಹೇಳಿ ಹೋಗುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಆದರೆ ಅವರು ಹೇಳಿದ್ದು ಯಾವತ್ತೂ ಸರಿಯಾಗಿಯೇ ಇರುತ್ತಿತ್ತು.

ಒಂದು ಸಲ ಆದರೆ ಕೈತಪ್ಪು ಎನ್ನಬಹುದು. ಆ ತಿಂಗಳಲ್ಲಿ ಮತ್ತೆ ಮತ್ತೆ ಆಯಿತು. ಒಮ್ಮೆ ಉಪ್ಪೇ ಇಲ್ಲ, ಒಮ್ಮೆ ಬಾಯಿಗಿಡಲಾರದಷ್ಟು. ವಾಸು ತಡೆಯಲಾರದೆ, "ಅಣ್ಣಯ್ಯ, ಒಂದ್ ಹನಿ ಕೈ ಮೇಲೆ ಹಾಕಿ ರುಚಿ ಕಾಂಬ" ಎಂದನಂತೆ. ಇವರು ಸೌಟು ಎತ್ತಿಕೊಂಡು, "ದೇವ್ರಿಗೆ ಎಂಜಲ್ ಬಡ್ಸುಕ್ ಆತ್ತಾ? ಹೊರ್ಗ್ ನಡಿ" ಎಂದು ಗದರಿಸಿದರಂತೆ. ಅವರು ತಮ್ಮನ ಮೇಲೆ ದನಿ ಎತ್ತಿದ್ದೇ ಅದೇ ಮೊದಲು.

ನಮ್ಮ ಮಗಳು ಮಾಲಿನಿ ಅಡ್ಯಾರಿನಲ್ಲಿದ್ದಾಳೆ, ಗಿಂಡಿಯ ಒಂದು ಆಫೀಸಿನಲ್ಲಿ ಕೆಲಸ. ಅವಳೇ ನರರೋಗದ ಡಾಕ್ಟರನ್ನು ಗೊತ್ತುಮಾಡಿದಳು. ಆ ಆಸ್ಪತ್ರೆಯ ಕಾಯುವ ಕೋಣೆಯನ್ನು ನಾನು ಮರೆಯಲಾರೆ. ಎಲ್ಲ ಕಡೆ ಜೋಡಿ ಜೋಡಿ. ಯಾರಿಗೆ ಕಾಯಿಲೆ ಎಂದು ಮುಖ ನೋಡಿ ಹೇಳುವ ಹಾಗಿರಲಿಲ್ಲ, ಜತೆಗೆ ಬಂದವರ ಮುಖವೇ ಹೆಚ್ಚು ಬಾಡಿತ್ತು. ನನ್ನ ಪಕ್ಕದಲ್ಲಿ ಕೂತಿದ್ದ ಒಬ್ಬ ಅಜ್ಜಿ ತನ್ನ ಸೆರಗಿನ ತುದಿಯನ್ನು ಗಂಡನ ಮುಂಗೈಗೆ ಗಂಟು ಹಾಕಿಕೊಂಡಿದ್ದಳು. ನಾನು ನೋಡಿದ್ದನ್ನು ನೋಡಿ ತಮಿಳಿನಲ್ಲಿ ಹೇಳಿದಳು: "ಮದುವೆ ದಿನ ಹಾಕಿದ ಗಂಟು ಇವರಿಗೆ ಮರೆತುಹೋಗಿದೆ. ಅದಕ್ಕೆ ದಿನಾ ಹೊಸದು ಹಾಕುತ್ತೇನೆ." ಆಮೇಲೆ ನನ್ನ ಮೊಣಕೈ ತಟ್ಟಿ, "ಮೊದಲ ವರ್ಷ ಅಳು ಬರುತ್ತದೆ ಕಣಮ್ಮಾ. ಆಮೇಲೆ ಅಳುವುದಕ್ಕೆ ಪುರುಸೊತ್ತೇ ಸಿಗುವುದಿಲ್ಲ" ಎಂದಳು. ಅಲ್ಲಿ ಕೂತು ನಗಬಾರದಿತ್ತು, ಇಬ್ಬರೂ ನಕ್ಕೆವು.

ಡಾಕ್ಟರು ವಯಸ್ಸಾದವರು, ನಿಧಾನದ ಮನುಷ್ಯ. ಇವರಿಗೆ ಏನೇನೋ ಕೇಳಿದರು, ಗಡಿಯಾರದ ಚಿತ್ರ ಬರೆಸಿದರು. ಕೊನೆಗೆ ಆಲ್ಝೈಮರ್ ಎಂದರು. ಆ ಹೆಸರನ್ನು ನಾನು ಅಲ್ಲಿಯವರೆಗೆ ಕೇಳಿರಲೇ ಇಲ್ಲ. ಇವರು ಮಾತ್ರ ಕುರ್ಚಿಯಿಂದ ಎದ್ದು, "ಡಾಕ್ಟ್ರೆ, ಒಂದ್ ದಿನ ಹೋಟ್ಲಿಗೆ ಬನ್ನಿ, ಒಳ್ಳೆ ಊಟ ಹಾಕ್ಸ್ತೆ" ಎಂದು ಕನ್ನಡದಲ್ಲೇ ಕರೆದರು. ಡಾಕ್ಟರಿಗೆ ಎಷ್ಟು ಅರ್ಥವಾಯಿತೋ, ಬರುತ್ತೇನೆ ಎಂದು ತಲೆಯಾಡಿಸಿದರು.

ಆ ಭಾನುವಾರ ವಾಸು ಮನೆಗೆ ಬಂದ. ಕಾಫಿ ಲೋಟವನ್ನು ಕೈಯಲ್ಲೇ ತಿರುಗಿಸುತ್ತಾ ಕೂತಿದ್ದವನು, ಇವರು ಒಳಗೆ ಹೋದ ಮೇಲೆ ಬಾಯಿ ಬಿಟ್ಟ.

"ಅತ್ತಿಗೆ, ನಂಗೂ ಬೇಜಾರೇ. ಆದ್ರೆ ಅದ್ ಬೆಂಕಿ, ಎಣ್ಣೆ ಇಪ್ಪು ಜಾಗ. ನಾಳೆ ಎಂತಾರೂ ಆದ್ರೆ? ಅಣ್ಣಯ್ಯ ಮನೇಲಿ ಆರಾಮ್ ಇರ್ಲಿ. ಬೇರೆ ಅಡುಗೆಯವ್ರನ್ನ ಇಟ್ಕಂಬ."

"ಮಾತ್ರೆ ಈಗಷ್ಟೇ ಶುರು ಮಾಡಿದ್. ಸ್ವಲ್ಪ ಸಮಯ ಕೊಡ್ ವಾಸು."

"ಎಷ್ಟ್ ಸಮಯ ಅತ್ತಿಗೆ?"

ಅವನ ಮೇಲೆ ಸಿಟ್ಟು ಬರಲಿ ಎಂದು ಬಹಳ ಪ್ರಯತ್ನಪಟ್ಟೆ, ಬರಲಿಲ್ಲ. ಅವನು ಹೇಳಿದ್ದು ಸುಳ್ಳಲ್ಲ. ಮಾತ್ರೆ ಕೆಲಸ ಮಾಡುವವರೆಗೆ ಇವರು ಮನೆಯಲ್ಲಿರುವುದು, ಸರಿಯಾದರೆ ಮತ್ತೆ ಒಲೆಯ ಮುಂದೆ ನಿಲ್ಲುವುದು ಎಂದು ಮಾತಾಯಿತು.

ಮನೆಯಲ್ಲಿದ್ದ ಆ ದಿನಗಳಲ್ಲಿ ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಪಂಚೆ ಬಿಗಿದುಟ್ಟು, ಹೆಗಲಿಗೆ ಬೈರಾಸ ಹಾಕಿಕೊಂಡು ಇವರು ಬಾಗಿಲ ಬಳಿ ಬಂದು ನಿಲ್ಲುತ್ತಿದ್ದರು. "ಹೊತ್ತಾಯ್ತ್ ಮಾರಾಯ್ತಿ, ಬಾಗ್ಲ್ ತೆಗಿ." ಇವತ್ತು ರಜೆ ಎಂದರೆ ಹೋಗಿ ಕೂರುವರು. ಸ್ವಲ್ಪ ಹೊತ್ತಿಗೆ ಮತ್ತೆ ಬಂದು ನಿಲ್ಲುವರು. ಅವರಿಗೆ ಹೆಸರುಗಳು ಮರೆತವು, ವಾರ ಮರೆಯಿತು, ಒಲೆ ಕಾಯುತ್ತಿದೆ ಎನ್ನುವುದು ಮಾತ್ರ ಮರೆಯಲಿಲ್ಲ. ದೇವರೇ, ಮರೆಸುವುದಿದ್ದರೆ ಅದನ್ನೂ ಮರೆಸಬಾರದಿತ್ತೇ ಎಂದು ಅಂದುಕೊಂಡದ್ದುಂಟು. ಹಾಗೆ ಅಂದುಕೊಂಡದ್ದಕ್ಕೆ ಹೆದರಿ ದೀಪ ಹಚ್ಚಿದ್ದೂ ಉಂಟು.

ಮಾತ್ರೆಯಿಂದ ನನಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಮುಂದಿನ ಸಲ ಹೋದಾಗ ಡಾಕ್ಟರಲ್ಲಿ ಕೇಳಿದೆ. ಮಿದುಳಿನ ಸುತ್ತ ರಕ್ತನಾಳಗಳಲ್ಲೇ ಒಂದು ಕಾವಲು ಇದೆಯಂತೆ, ಬೇಡದ್ದು ಒಳಗೆ ಹೋಗದ ಹಾಗೆ ತಡೆಯುವುದಕ್ಕೆ. ಅದು ಎಷ್ಟೋ ಔಷಧಿಗಳನ್ನೂ ತಡೆದು ನಿಲ್ಲಿಸುತ್ತದಂತೆ. ಅವರು ಇನ್ನೂ ಏನೇನೋ ಹೇಳಿದರು. ನನ್ನ ತಲೆಯಲ್ಲಿ ಉಳಿದದ್ದು ಅದೊಂದೇ. ಅಂದರೆ ನಾನು ದಿನಾ ಬೆಳಿಗ್ಗೆ ಕೊಡುತ್ತಿದ್ದ ಮಾತ್ರೆ ಪಾಪ ಹೊರಗೇ ನಿಂತಿದೆ, ಇವರು ನಮ್ಮ ಬಾಗಿಲಲ್ಲಿ ನಿಂತ ಹಾಗೆ.

ಸ್ವಲ್ಪ ದಿನಕ್ಕೆ ಮಾಲಿನಿ ಒಂದು ಇಂಗ್ಲಿಷ್ ಪೇಪರು ಹಿಡಿದುಕೊಂಡು ಬಂದಳು, ಎರಡು ಸಾವಿರದ ಆರನೇ ಇಸವಿ ಅದು. ಅದರ ವಿಜ್ಞಾನದ ಪುಟದಲ್ಲಿ ಒಂದು ಚಿಕ್ಕ ಸುದ್ದಿ. ಹೊರದೇಶದಲ್ಲಿ ಅಲ್ಟ್ರಾಸೌಂಡನ್ನು ಮಿದುಳಿನ ಒಂದೇ ಜಾಗಕ್ಕೆ ಗುರಿಯಿಟ್ಟು ಬಿಟ್ಟು, ಆ ಕಾವಲಿನ ಬಾಗಿಲನ್ನು ಸ್ವಲ್ಪ ಹೊತ್ತು ತೆರೆಯುತ್ತಾರಂತೆ. ತೆರೆದಾಗ ಔಷಧಿ ಒಳಗೆ ಹೋಗುತ್ತದೆ, ಆಮೇಲೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಮುಂದೆ ಆಲ್ಝೈಮರಿನಂಥ ಕಾಯಿಲೆಗಳಿಗೂ ಇದು ಬರಬಹುದು ಎಂದಿತ್ತು.

"ಆದ್ರೆ ಮಾ, ಇದು ರ‍್ಯಾಬಿಟ್ಸ್ ಮೇಲೆ ಮಾಡಿದ್ದು. ಹ್ಯೂಮನ್ಸ್‌ಗೆ ಇನ್ನೂ ವರಲೆ, ಬಂದಿಲ್ಲ. ಸುಮ್ನೆ ಓದಿ ಹೇಳ್ದೆ ಅಷ್ಟೇ."

"ಆಯ್ತ್ ಆಯ್ತ್, ಗೊತ್ತಾಯ್ತ್" ಎಂದೆ.

ಗೊತ್ತಾಗಿರಲಿಲ್ಲ. ಆಸೆಗೆ ಕಣ್ಣಿಲ್ಲ ಎನ್ನುತ್ತಾರೆ, ಕಿವಿಯೂ ಇಲ್ಲ. ಮೊಲದ ವಿಷಯ ನನ್ನ ಕಿವಿಯ ಹೊರಗೇ ನಿಂತಿತು. ಅಲ್ಟ್ರಾಸೌಂಡ್ ಅಂದರೆ ನನಗೆ ಗೊತ್ತಿಲ್ಲದ್ದೇ? ಮಾಲಿನಿ ಬಸುರಿಯಾಗಿದ್ದಾಗ ಎಷ್ಟು ಸಲ ಮಾಡಿಸಿಲ್ಲ! ನಮ್ಮ ಮನೆಯಿಂದ ಮಾರ್ಕೆಟ್ಟಿಗೆ ಹೋಗುವ ದಾರಿಯಲ್ಲೇ ಒಂದು ಸ್ಕ್ಯಾನ್ ಸೆಂಟರು ಇತ್ತು, ಬಾಗಿಲ ಮೇಲೆ ಅದೇ ಹೆಸರು ಬರೆದಿತ್ತು. ಬೀದಿಯ ತುದಿಯಲ್ಲೇ ಮದ್ದಿರುವಾಗ ಡಾಕ್ಟರು ಯಾಕೆ ಹೇಳಲಿಲ್ಲ ಎಂದು ಅವರ ಮೇಲೆ ಸ್ವಲ್ಪ ಬೇಸರವೂ ಆಯಿತು.

ಯಾರಿಗೂ ಹೇಳಲಿಲ್ಲ. ಒಂದು ಬೆಳಿಗ್ಗೆ ಇವರು ಪಂಚೆ ಉಟ್ಟು ಬಾಗಿಲಿಗೆ ಬಂದಾಗ, "ಹೊರಡುವ" ಎಂದು ಬೀಗ ತೆಗೆದೆ. ಮಾತ್ರೆಯನ್ನು ಆ ದಿನ ಮನೆಯಲ್ಲಿ ಕೊಡಲಿಲ್ಲ. ಬಾಗಿಲು ತೆರೆಯುವ ಹೊತ್ತಿಗೆ ಅದು ಅಲ್ಲೇ ಸಿದ್ಧವಾಗಿ ನಿಂತಿರಬೇಕಲ್ಲ! ಮಾತ್ರೆಯನ್ನು ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡು ಹೋಗಿ, ಸ್ಕ್ಯಾನ್ ಸೆಂಟರಿನ ಬೆಂಚಿನ ಮೇಲೆ ಕೂರಿಸಿ ನುಂಗಿಸಿದೆ.

ಅಲ್ಲಿ ಕೂತವರೆಲ್ಲ ಬಸುರಿಯರು. ನಡುವೆ ನಾವಿಬ್ಬರು ತಲೆ ನರೆತವರು. ಅಲ್ಲಿನ ಹೆಂಗಸೊಬ್ಬಳು ಒಬ್ಬೊಬ್ಬರನ್ನೇ, "ತಣ್ಣಿ ಕುಡಿಚೀಂಗಳಾಮ್ಮಾ?" ಎಂದು ಕೇಳಿಕೊಂಡು ಬಂದಳು. ಹೊಟ್ಟೆ ತುಂಬ ನೀರು ಕುಡಿಯದಿದ್ದರೆ ಸ್ಕ್ಯಾನ್ ಸರಿಯಾಗಿ ಬರುವುದಿಲ್ಲ ಎನ್ನುವುದು ನನಗೂ ನೆನಪಿತ್ತು. ಮುಂದಾಲೋಚನೆ ಮಾಡಿದ ಹೆಮ್ಮೆಯಲ್ಲಿ ಇವರಿಗೂ ಲೋಟದ ಮೇಲೆ ಲೋಟ ನೀರು ಕುಡಿಸಿದೆ. ಪಾಪ, ಕೊಟ್ಟಷ್ಟನ್ನೂ ಕುಡಿದರು. ನಮ್ಮ ಸರದಿ ಬರುವ ಹೊತ್ತಿಗೆ ಇವರು ಕೂತಲ್ಲಿ ಕೂರಲಾರದೆ ಒದ್ದಾಡುತ್ತಿದ್ದರು. ಎದುರಿಗಿದ್ದ ಹುಡುಗಿ, ಅವಳೂ ಅದೇ ಕಷ್ಟದಲ್ಲಿದ್ದವಳು, "ನನ್ನ ಸರದಿಯಲ್ಲಿ ಅಂಕಲ್ ಹೋಗಲಿ" ಎಂದು ಬಿಟ್ಟುಕೊಟ್ಟಳು.

ಒಳಗಿದ್ದದ್ದು ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು. ಏನು ಸ್ಕ್ಯಾನ್ ಎಂದು ಕೇಳಿದಳು. ನಾನು ತಮಿಳಿನಲ್ಲಿ, ನನಗೆ ತಿಳಿದ ಹಾಗೆ, ಎಲ್ಲವನ್ನೂ ಹೇಳಿದೆ: ಮಾತ್ರೆ ನುಂಗಿ ಇಷ್ಟು ಹೊತ್ತಾಗಿದೆ, ನೀರು ಕುಡಿದಾಗಿದೆ, ತಲೆಗೆ ಆ ಮೆಷಿನ್ ಇಟ್ಟು ಬಾಗಿಲು ಸ್ವಲ್ಪ ತೆಗೆದುಕೊಟ್ಟರೆ ಸಾಕು. ಕತ್ತರಿಸಿ ತಂದಿದ್ದ ಪೇಪರಿನ ಚೂರನ್ನೂ ಕೊಟ್ಟೆ.

ಅವಳು ಅದನ್ನು ನಿಂತೇ ಓದಿದಳು. ನಗುತ್ತಾಳೆ ಎಂದು ನನಗೆ ಆಗ ಭಯವಾಯಿತು, ಏಕೆಂದರೆ ಅವಳ ಮುಖ ನೋಡುತ್ತಲೇ ನಾನು ಏನೋ ಎಡವಟ್ಟು ಮಾಡಿಕೊಂಡಿದ್ದೇನೆ ಎಂದು ತಿಳಿಯಿತು. ಅವಳು ನಗಲಿಲ್ಲ. ಮೊದಲು ಇವರನ್ನು ಪಕ್ಕದ ಬಚ್ಚಲಿಗೆ ಕಳಿಸಿ ಬರುವ ವ್ಯವಸ್ಥೆ ಮಾಡಿದಳು. ಆಮೇಲೆ ನನ್ನನ್ನು ಕೂರಿಸಿದಳು.

"ಅಮ್ಮಾ, ಇದು ಬರೀ ನೋಡುವ ಮೆಷಿನ್. ನೀವು ಓದಿದ್ದು ಬೇರೆ. ಅದು ನಮ್ಮ ಊರಲ್ಲಿ ಇಲ್ಲ, ಯಾವ ಊರಿನ ಆಸ್ಪತ್ರೆಯಲ್ಲೂ ರೋಗಿಗಳಿಗೆ ಇನ್ನೂ ಮಾಡುತ್ತಿಲ್ಲ. ಪ್ರಾಣಿಗಳ ಮೇಲೆ ನೋಡುತ್ತಿದ್ದಾರೆ ಅಷ್ಟೇ."

ನಾನು ಪೇಪರಿನ ಚೂರನ್ನು ಮಡಚಿದೆ, ಬಿಡಿಸಿದೆ, ಮತ್ತೆ ಮಡಚಿದೆ. ಮಾಲಿನಿ ಹೇಳಿದ್ದೂ ಇದೇ. ಅಷ್ಟರಲ್ಲಿ ಇವರು ಬಚ್ಚಲಿನಿಂದ ನೆಮ್ಮದಿಯಾಗಿ ಬಂದವರು, ಮಂಚ ಖಾಲಿ ಇದ್ದದ್ದನ್ನು ನೋಡಿದರು, ಗೋಡೆಯ ಮೇಲಿದ್ದ ಮಗುವಿನ ಚಿತ್ರ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ನಾನು ಅಳುತ್ತಿದ್ದೆ. ಹತ್ತಿರ ಬಂದು ನನ್ನ ತಲೆಯ ಮೇಲೆ ಕೈಯಿಟ್ಟು ಡಾಕ್ಟರಲ್ಲಿ ಕೇಳಿದರು:

"ಮಗು ಹುಷಾರಿತ್ತಲ್ದಾ?"

ಮಾಲಿನಿ ಹುಟ್ಟುವಾಗ ಇವರು ಊರಲ್ಲಿರಲಿಲ್ಲ, ಇಲ್ಲಿ ಒಲೆಯ ಮುಂದಿದ್ದರು. ಆಗ ಕೇಳಬೇಕಾಗಿದ್ದ ಪ್ರಶ್ನೆ ಅಷ್ಟು ವರ್ಷಗಳಾದ ಮೇಲೆ ಹೊರಗೆ ಬಂತು. ನಾನು ಅದನ್ನು ತಮಿಳಿನಲ್ಲಿ ಹೇಳಿದೆ. ಆ ಹುಡುಗಿ ಕ್ಷಣ ಕೂಡ ತಡಮಾಡದೆ, "ರೊಂಬ ನಲ್ಲಾ ಇರುಕ್ಕು ಸಾರ್" ಎಂದಳು. ತುಂಬ ಚೆನ್ನಾಗಿದೆ. ಇವರು ತೃಪ್ತಿಯಿಂದ, "ಹಂಗಾರೆ ಹೊರಡುವ. ಹೋಟ್ಲಿಗೆ ಹೊತ್ತಾಯ್ತ್" ಎಂದರು.

ನಡೆದದ್ದನ್ನೆಲ್ಲ ನಮ್ಮ ಡಾಕ್ಟರಿಗೆ ಮುಂದಿನ ಭೇಟಿಯಲ್ಲಿ ಹೇಳಿದೆ. ಬೈದರೆ ಬೈಯಲಿ ಎಂದು. ಅವರು ಬೈಯಲಿಲ್ಲ. "ಈ ಮಾತ್ರೆ ಒಳಗೆ ಹೋಗುತ್ತದೆ ತಾಯಿ. ಇದಕ್ಕೆ ಬಾಗಿಲು ಅಡ್ಡಿಯಲ್ಲ. ಆದರೆ ಇದು ಕಾಯಿಲೆಯನ್ನು ನಿಲ್ಲಿಸುವುದಿಲ್ಲ, ಸ್ವಲ್ಪ ಸಹಾಯ ಮಾಡಬಹುದು ಅಷ್ಟೇ. ನಿಲ್ಲಿಸಬಹುದೋ ಏನೋ ಎಂದು ಯೋಚಿಸುತ್ತಿರುವ ಔಷಧಿಗಳಲ್ಲಿ ಎಷ್ಟೋ ಆ ಬಾಗಿಲಲ್ಲಿ ನಿಂತಿವೆ. ಒಂದು ದಿನ ತೆರೆಯುತ್ತಾರೆ."

"ಇವರಿಗೆ ಸಿಗುವುದಾ?" ಎಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸುಳ್ಳು ಹೇಳಲಾರೆ. ಇವರ ಕಾಲಕ್ಕೆ ಆಗಲಿಕ್ಕಿಲ್ಲ."

ವಿಚಿತ್ರವೆಂದರೆ ಅದನ್ನು ಕೇಳಿ ನನಗೆ ಕುಸಿದಂತಾಗಲಿಲ್ಲ. ಬಹಳ ದಿನ ತಲೆಯ ಮೇಲೆ ಹೊತ್ತುಕೊಂಡಿದ್ದನ್ನು ಇಳಿಸಿದ ಹಾಗಾಯಿತು. ಮದ್ದು ಬಂದ ಮೇಲೆ ಇವರು ಹೋಟೆಲಿಗೆ ಹೋಗುತ್ತಾರೆ ಎಂದು ಕಾಯುತ್ತಿದ್ದೆ. ಬರುವುದಿಲ್ಲ ಎಂದ ಮೇಲೆ ಕಾಯುವುದು ಯಾಕೆ? ಇವರು ಇದ್ದ ಹಾಗೆಯೇ ಹೋಗಬೇಕು. ನಮ್ಮ ಬಾಗಿಲನ್ನಾದರೂ ನಾನು ತೆಗೆಯಬಹುದಲ್ಲ.

ಹೋಟೆಲಿನ ಅಡುಗೆಮನೆಗೆ ನಾನು ಅಲ್ಲಿಯವರೆಗೆ ಕಾಲಿಟ್ಟವಳಲ್ಲ. ಅದು ಗಂಡಸರ ಜಾಗ. ಒಂದು ಬೆಳಿಗ್ಗೆ ಸ್ನಾನ ಮಾಡಿ, ಮಡಿ ಉಟ್ಟು, ಇವರ ಹಿಂದೆಯೇ ಒಳಗೆ ಹೋದೆ. ವಾಸು ಗಲ್ಲಾಪೆಟ್ಟಿಗೆ ಬಿಟ್ಟು ಓಡಿಬಂದ.

"ಅತ್ತಿಗೆ, ಇದೆಂತ?"

"ಬೆಂಕಿ, ಎಣ್ಣೆ ಹೊಸ ಅಡುಗೆಯವ್ರು ನೋಡ್ಕಣ್ಲಿ. ನಿನ್ನಣ್ಣಯ್ಯಂಗೆ ಸಾಂಬಾರ್ ಒಂದ್ ಬಿಡು. ನಾನ್ ಹತ್ರವೇ ಇರ್ತೆ."

ಹಲಸಿನ ಮರದ ಉಪ್ಪಿನ ಮರಿಗೆಯನ್ನು ಒಲೆಯ ಪಕ್ಕದಿಂದ ಎತ್ತಿ ನನ್ನ ಸೊಂಟಕ್ಕೆ ಇಟ್ಟುಕೊಂಡೆ. ಇವರು ಕೈ ಚಾಚಿದಾಗ ಕೊಟ್ಟೆ. ಹಿಡಿಯಲ್ಲಿ ತೆಗೆದು ಹಾಕಿದರು. ಅವರ ಕೈಯ ಅಳತೆ ಹಾಗೆಯೇ ಇತ್ತು. ಮರೆತುಹೋಗುತ್ತಿದ್ದದ್ದು ಅಳತೆಯಲ್ಲ, ಹಾಕಿದ್ದು. ಸ್ವಲ್ಪ ಹೊತ್ತಿಗೆ ಮತ್ತೆ ಕೈ ಚಾಚಿದರು.

"ಹಾಕಿಯಾಯ್ತ್" ಎಂದೆ.

"ಯಾವಾಗ? ನಾನ್ ಹಾಕ್ಲಿಲ್ಲ. ಉಪ್ಪ್ ಕೊಡ್!" ಮುಖ ಕೆಂಪಾಯಿತು. ಎಲ್ಲರೂ ಕೆಲಸ ನಿಲ್ಲಿಸಿ ನೋಡಿದರು. ವಾಸು, ಹೇಳಿದೆನಲ್ಲ ಎನ್ನುವಂತೆ ನನ್ನತ್ತ ನೋಡಿದ. ಆ ದಿನ ಸೋತು ಮನೆಗೆ ಬಂದೆವು.

ಮನೆಯಲ್ಲಿ ದೇವರಿಗೆ ಹೂ ಏರಿಸುತ್ತಿದ್ದಾಗ ನನಗೆ ದಾರಿ ಹೊಳೆಯಿತು. ಇವರ ಮಾತನ್ನು ನಾನು ಅಲ್ಲಗಳೆದರೆ ತಾನೇ ಜಗಳ? ಮರುದಿನ ಉಪ್ಪು ಬಿದ್ದ ತಕ್ಷಣ ಪಾತ್ರೆಗೆ ಮುಚ್ಚಳ ಹಾಕಿ, ಒಂದು ಸೌಟು ಬಟ್ಟಲಿಗೆ ತೆಗೆದು ದೇವರ ಮುಂದಿಟ್ಟು, ಮುಚ್ಚಳದ ಮೇಲೆ ಒಂದು ಎಸಳು ತುಳಸಿ ಇಟ್ಟೆ. ವಾಸು ಬಾಗಿಲಲ್ಲಿ ನಿಂತಿದ್ದ.

"ಅನ್ನ ಆಯ್ಲಿಲ್ಲ, ಪಲ್ಯ ಆಯ್ಲಿಲ್ಲ. ದೇವ್ರಿಗೆ ಬರೀ ಸಾಂಬಾರಾ ಅತ್ತಿಗೆ?"

"ದೇವ್ರಿಗೂ ಅಭ್ಯಾಸ ಆತ್ತ್. ಸುಮ್ನಿರ್."

ಇವರು ಕೈ ಚಾಚಿಕೊಂಡು ಬಂದರು. ಮುಚ್ಚಳಕ್ಕೆ ಕೈ ಹಾಕಲು ಹೋದವರು ತುಳಸಿ ನೋಡಿದರು. ನೈವೇದ್ಯ ಆದ ಪಾತ್ರೆಗೆ ಮೇಲಿನಿಂದ ಏನೂ ಸೇರಿಸುವಂತಿಲ್ಲ. ಅದನ್ನು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕೈ ಹಿಂದಕ್ಕೆ ತೆಗೆದು, ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿ ಒಂದು ಗಳಿಗೆ ನಿಂತರು. ಆಮೇಲೆ ಬೈರಾಸದಿಂದ ಮುಖ ಒರೆಸಿಕೊಂಡು, ಕೆಲಸ ಮುಗಿಸಿದವರ ಹಾಗೆ ಹೋಗಿ ಬೆಂಚಿನ ಮೇಲೆ ಕೂತರು. ವಾಸು ಗಲ್ಲಾಪೆಟ್ಟಿಗೆಗೆ ಹೋದ. ಮಧ್ಯಾಹ್ನ ಮೇಷ್ಟರು ಎರಡನೇ ಸಲ ಸಾಂಬಾರು ಹಾಕಿಸಿಕೊಂಡರು ಎಂದು ಅವನೇ ಒಳಗೆ ಬಂದು ಹೇಳಿದ.

ಹಾಗೆ ಕೆಲವು ವರ್ಷ ನಡೆಯಿತು. ಎಲ್ಲ ದಿನವೂ ಚೆನ್ನಾಗಿತ್ತು ಎಂದರೆ ಸುಳ್ಳಾಗುತ್ತದೆ. ಉಪ್ಪು ಎಂದುಕೊಂಡು ಸಕ್ಕರೆ ಡಬ್ಬಿ ಹುಡುಕಿದ ದಿನ ಇತ್ತು, ನನ್ನನ್ನು ಯಾರೆಂದು ತಿಳಿಯದೆ ಅಡುಗೆಮನೆಯಿಂದ ಹೊರಗೆ ಹೋಗಿ ಎಂದ ದಿನವೂ ಇತ್ತು. ಹೊರಗೆ ಹೋಗಿ, ಕಣ್ಣೊರೆಸಿಕೊಂಡು, ಹಿಂದಿನ ಬಾಗಿಲಿನಿಂದ ಒಳಗೆ ಬಂದೆ. ಈಗ ಇವರು ಸೌಟು ಹಿಡಿಯುವುದಿಲ್ಲ. ಬೆಂಚಿನ ಮೇಲೆ ಕೂತು ಕರಿಬೇವು ಬಿಡಿಸುತ್ತಾರೆ, ಬಿಡಿಸಿದ್ದನ್ನೇ ಮತ್ತೆ ಬಿಡಿಸುತ್ತಾರೆ. ಆ ಅಲ್ಟ್ರಾಸೌಂಡಿನ ಸುದ್ದಿ ಪೇಪರಿನಲ್ಲಿ ಬಂದರೆ ಮಾಲಿನಿ ಈಗಲೂ ಓದಿ ಹೇಳುತ್ತಾಳೆ. ಮೊಲ ದಾಟಿದ್ದಾರಾ ಎಂದು ನಾನು ಮೊದಲು ಕೇಳುತ್ತೇನೆ. ಇನ್ನೂ ದಾಟಿಲ್ಲ. ದಾಟುತ್ತಾರೆ, ಆ ಸೆರಗಿನ ಗಂಟಿನ ಅಜ್ಜಿಯ ಮೊಮ್ಮಕ್ಕಳ ಕಾಲಕ್ಕಾದರೂ. ಅಲ್ಲಿಯವರೆಗೆ ನಿಮ್ಮ ಮನೆಯಲ್ಲೂ ಯಾರಾದರೂ ಪಂಚೆ ಉಟ್ಟು ಬಾಗಿಲಲ್ಲಿ ನಿಂತಿದ್ದರೆ, ಅವರನ್ನು ಸರಿಮಾಡಿ ಆಮೇಲೆ ಬೀಗ ತೆಗೆಯೋಣ ಎಂದು ನನ್ನ ಹಾಗೆ ಕಾಯಬೇಡಿ.

ಹೋದ ತಿಂಗಳು ಡಾಕ್ಟರ ಹತ್ತಿರ ಹೋಗಿದ್ದೆವು. ಅವರು ಎಂದಿನಂತೆ ಇವರ ಕೈ ಹಿಡಿದುಕೊಂಡು ಇದು ಯಾವ ಊರು, ಯಾವ ತಿಂಗಳು ಎಂದು ಕೇಳಿದರು. ಇವರು ಎಲ್ಲದಕ್ಕೂ ಮುಗುಳ್ನಕ್ಕರು. ಕೊನೆಗೆ ಡಾಕ್ಟರು ನನ್ನ ಕಡೆ ತೋರಿಸಿ, ಇವರು ಯಾರು ಎಂದು ಕೇಳಿದರು. ನಾನು ನೆಲ ನೋಡಿದೆ. ಆ ಪ್ರಶ್ನೆಗೆ ಇವರು ಉತ್ತರ ಕೊಡದೆ ವರ್ಷವಾಗಿತ್ತು.

ಇವರು ನನ್ನನ್ನು ನೋಡಿದರು. "ಇವ್ರಾ?" ಎಂದರು. "ಉಪ್ಪ್ ಇವ್ರ್ ಹತ್ರ ಇಪ್ಪುದ್. ಎಂತ ಬೇಕಾರೂ ಇವ್ರ್ ಹತ್ರ ಕೇಣಿ."

ಇವರು ಹೇಳಿದ್ದು ಅರ್ಥವಾಗದೆ ಡಾಕ್ಟರು ನನ್ನತ್ತ ತಿರುಗಿ, "ಎನ್ನಮ್ಮಾ ಸೊಲ್ರಾರು?" ಎಂದರು.

"ಹೆಂಡತಿ ಎನ್ನುತ್ತಿದ್ದಾರೆ" ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.